ಹಾಲಿನ ಕಟ್ಟೆಯಿಂದಾಚೆ ಮೂರು ಕಿಲೋಮೀಟರು

ಎಲ್ದಾರನ ವ್ಯಾನು ಫೆರಿಯ ಸಾಲಿಗೆ ಬಂದು ನಿಂತರೆ ನಾನು ತಲೆ ಎತ್ತಿ ನೋಡುವ ಅಗತ್ಯವಿಲ್ಲ. ಅವನ ಟ್ರೇಲರಿನ ಹಿಂದಿನ ತಗಡು ಕಟಕಟ ಎನ್ನುವುದರಿಂದಲೇ ಗೊತ್ತಾಗುತ್ತದೆ. ಒಂದು ಸಾಸೇಜನ್ನು ಬಿಸಿನೀರಿಗೆ ಬಿಟ್ಟು, ಕಾಫಿ ಬಗ್ಗಿಸಿ ಇಡುತ್ತೇನೆ. ಅವನು ಬಂದು, "ರಗ್ನಾ, ಒಂದು ಸಾಸೇಜು, ಒಂದು ಕಾಫಿ" ಎನ್ನುತ್ತಾನೆ. ಹತ್ತೊಂಬತ್ತು ವರ್ಷ ಇಷ್ಟೇ ಮಾತು. ಇದರ ಮೇಲೆ ಒಂದು ಮಾತು ಹೆಚ್ಚಾದರೆ ಅವನಿಗೆ ಜ್ವರ ಬಂದಿದೆ ಎಂದು ನಾನು ತಿಳಿಯುತ್ತಿದ್ದೆ.

ಲೈರ್ನೆಸ್ ಫೆರಿ ನಿಲ್ದಾಣದ ಗೂಡಂಗಡಿ ನನ್ನದು. ಫೆರಿಗೆ ಕಾಯುವವರಿಗೆ ಬಾಯಾಡಿಸುವುದಕ್ಕೆ ಏನಾದರೂ ಬೇಕು. ತಿಂದಾದ ಮೇಲೆ ಆಡಿಕೊಳ್ಳುವುದಕ್ಕೆ ಯಾರಾದರೂ ಬೇಕು. ಹಾಗಾಗಿ ಬೆಟ್ಟಗಳ ನಡುವೆ ಒಳನುಗ್ಗಿದ ಈ ಕಡಲಿನ, ನಮ್ಮ ಫ್ಯೋರ್ಡಿನ, ಎರಡೂ ದಡಗಳ ಸುದ್ದಿ ನನ್ನ ಕಿಟಕಿಯ ಮುಂದೆಯೇ ಹಾದು ಹೋಗುತ್ತದೆ. ಎಲ್ದಾರನ ಬಗ್ಗೆ ಮಾತ್ರ ಆಡಿಕೊಳ್ಳುವಂಥದ್ದು ಏನೂ ಇರಲಿಲ್ಲ. ಐವತ್ತೆಂಟು ವರ್ಷದ ಬ್ರಹ್ಮಚಾರಿ, ತಾಯಿ ತೀರಿಕೊಂಡ ಮೇಲೆ ಓಸ್ವಿಕದ ಮನೆಯಲ್ಲಿ ಅವನೂ ರೇಡಿಯೋನೂ ಇಬ್ಬರೇ. ಕೆಲಸ, ಹುಲ್ಲಿನ ಚಾವಣಿ ಹೊದಿಸುವುದು. ಹಲಗೆಯ ಮೇಲೆ ಬರ್ಚ್ ಮರದ ತೊಗಟೆ, ತೊಗಟೆಯ ಮೇಲೆ ಬೇರುಬಿಟ್ಟ ಹುಲ್ಲುಹೆಂಟೆ. ಅವನ ಹಿತ್ತಲಿನ ಹುಲ್ಲುಗಾವಲಿನಲ್ಲಿ ಕೊಯ್ದ ಹೆಂಟೆಗಳು ಚಾಪೆಯಂತೆ ಹೆಣೆದುಕೊಂಡಿರುತ್ತವೆ. ಅವನು ಹೊದಿಸಿದ ಚಾವಣಿ ಮೂವತ್ತು ವರ್ಷ ಸೋರುವುದಿಲ್ಲ. ಇಂಥ ಕೈ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ, ಇಂಥ ತಲೆಯೂ ಇಲ್ಲ. ತಲೆಯ ವಿಷಯಕ್ಕೆ ಬರುತ್ತೇನೆ.

ಬಹಳ ವರ್ಷಗಳ ಹಿಂದೆ ಒಂದು ದಿನ ಮಧ್ಯಾಹ್ನ ರಸ್ತೆ ತಪಾಸಣೆಯವರು ಅವನನ್ನು ಹಿಡಿದು ನಿಲ್ಲಿಸಿದರು. ವ್ಯಾನು, ಟ್ರೇಲರು ಎರಡೂ ಸೇರಿ ಮೂರೂವರೆ ಟನ್ ದಾಟಿದರೆ ಗಾಡಿಯಲ್ಲಿ ಟ್ಯಾಕೋಗ್ರಾಫ್ ಇರಬೇಕು. ಎಷ್ಟು ಹೊತ್ತು ಓಡಿಸಿದೆ, ಯಾವಾಗ ನಿಲ್ಲಿಸಿದೆ, ಎಷ್ಟು ಹೊತ್ತು ಸುಧಾರಿಸಿಕೊಂಡೆ, ಎಲ್ಲವನ್ನೂ ಬರೆದಿಡುವ ಡಬ್ಬಿ ಅದು. ತನ್ನ ಕೆಲಸದ ಸಾಮಾನನ್ನು ತಾನೇ ಒಯ್ಯುವ ಕಸುಬುದಾರನಿಗೆ ಮಾತ್ರ ವಿನಾಯಿತಿ. ಅದೂ ಅವನ ನೆಲೆಯಿಂದ ಐವತ್ತು ಕಿಲೋಮೀಟರಿನ ಒಳಗೆ. ಎಲ್ದಾರ್ ಅಂದು ಬಹಳ ದೂರ ಹೋಗಿದ್ದ. ದಂಡ ಕಟ್ಟಿದ್ದು ಅವನಿಗೆ ನೋವಾಗಲಿಲ್ಲ. ಮುಕ್ಕಾಲು ಗಂಟೆ ರಸ್ತೆಬದಿಯಲ್ಲಿ ನಿಂತಿದ್ದಾಗ ಊರಿನ ಕಾರುಗಳೆಲ್ಲ ನಿಧಾನ ಮಾಡಿ, ಕಿಟಕಿಯಿಂದ ಕೈಬೀಸಿ ಹೋದವಲ್ಲ, ಅದು ಅವನ ಎದೆಗೆ ನಾಟಿತು.

"ಆ ಡಬ್ಬಿ ಒಂದು ಹಾಕಿಸ್ಕೊಂಡುಬಿಡೋ, ಪೀಡೆ ತೊಲಗುತ್ತೆ" ಎಂದು ನಾನು ಹೇಳಿದೆ.

"ನಾನು ಯಾವಾಗ ಊಟ ಮಾಡ್ದೆ ಅಂತ ಡಬ್ಬಿ ಬರ್ಕೊಳ್ಳೋದು ಬೇಡ" ಎಂದ. ಆ ವರ್ಷ ಅವನು ಆಡಿದ ಅತಿ ಉದ್ದದ ವಾಕ್ಯ ಅದು.

ಅಂದಿನಿಂದ ಅವನು ಗಡಿ ಹಾಕಿಕೊಂಡ. ಮುಂದೆ ಸರ್ಕಾರ ಐವತ್ತನ್ನು ನೂರು ಮಾಡಿದಾಗ ಒಂದು ದೊಡ್ಡ ಕೇಕು ತಂದು ಫೆರಿಯ ಸಾಲಿನಲ್ಲಿದ್ದವರಿಗೆಲ್ಲ ಹಂಚಿದ. ಯಾಕೆಂದು ಮಾತ್ರ ಯಾರಿಗೂ ಹೇಳಲಿಲ್ಲ. ಆಮೇಲೆ ಒಂದು ತಿಂಗಳು ವ್ಯಾನು ಓಡಿಸಿಕೊಂಡು ಎಲ್ಲಾ ರಸ್ತೆಗಳನ್ನೂ ಅಳೆದ. ಮೀಟರಿನ ಲೆಕ್ಕಕ್ಕೆ ಫೆರಿಯ ದೂರವನ್ನೂ ಕೂಡಿಸಿ, ನೂರಾದಲ್ಲಿ ಇಳಿದು ಕಲ್ಲಿಗೋ ಕಂಬಕ್ಕೋ ಕೆಂಪು ಬಣ್ಣ ಬಳಿದ. ಮನೆಗೆ ಬಂದು ಅದನ್ನೆಲ್ಲ ನಕ್ಷೆಯ ಮೇಲೆ ಬರೆದ. ಆ ನಕ್ಷೆಯನ್ನು ನಾನು ಕಂಡಿದ್ದೇನೆ. ಓಸ್ವಿಕದಿಂದ ಹೊರಟು ಫ್ಯೋರ್ಡುಗಳನ್ನು ಸುತ್ತಿ, ಬೆಟ್ಟಗಳನ್ನು ಬಳಸಿ, ಎಂಟು ದಿಕ್ಕಿಗೆ ತಡವರಿಸಿ ಹೋದ ಗೆರೆಗಳು. ಬಲೆಯಿಂದ ಈಗ ತಾನೇ ಎಳೆದ ಆಕ್ಟೋಪಸ್ಸಿನ ಹಾಗಿತ್ತು. ಅದು ತಪ್ಪು ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ನಮ್ಮ ಕಡೆ ಎದುರು ದಡದ ಮನೆಯ ಪರದೆ ಯಾವ ಬಣ್ಣ ಎಂದು ಕಾಣುತ್ತದೆ, ಆದರೆ ಅಲ್ಲಿಗೆ ಹೋಗಲು ಎರಡು ಗಂಟೆ ಬೇಕು. ದೂರವೆಂದರೆ ರಸ್ತೆ, ರಸ್ತೆ ಮುಗಿದಲ್ಲಿ ಫೆರಿ.

ತ್ವೈತ ಎಂಬ ಊರಿನಲ್ಲಿದ್ದ ನನ್ನ ತಂಗಿಯ ಮನೆ ನೂರೆಂಟನೆಯ ಕಿಲೋಮೀಟರಿನಲ್ಲಿತ್ತು. ಚಾವಣಿ ಹೊದಿಸಿಕೊಡು ಎಂದು ಎಷ್ಟು ಬೇಡಿದರೂ ಎಲ್ದಾರ್ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಅವಳು ತಗಡು ಹಾಕಿಸಿದಳು. ಮಳೆ ಬಂದಾಗ ಅವಳ ಮನೆಯಲ್ಲಿ ಮಾತಾಡಬೇಕಾದರೆ ಚೀಟಿ ಬರೆಯಬೇಕು. ನಮ್ಮಲ್ಲಿ ಮಳೆ ಬಾರದ ದಿನ ಎಷ್ಟಿವೆ? ಈ ಸಿಟ್ಟು ನನ್ನಲ್ಲಿತ್ತು, ಸುಳ್ಳು ಹೇಳುವುದಿಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ಗುಡ್ನಿ ಬಂದಳು. ಫ್ಯೋರ್ಡಿನಾಚೆ, ಕಡಿದಾದ ಏರಿನ ಮೇಲೆ ಬ್ರೆಕ್ಕಾ ಎಂಬ ಹೊಲಮನೆ ಅವಳದು. ಇಪ್ಪತ್ತೆರಡು ವರ್ಷ ಪ್ರವಾಸಿ ಬಸ್ಸು ಓಡಿಸಿದವಳು. ಜರ್ಮನ್ ಮುದುಕರನ್ನು ತುಂಬಿಕೊಂಡು ಜಲಪಾತದಿಂದ ಜಲಪಾತಕ್ಕೆ ತಿರುಗಿ, ಬೆನ್ನು ಹಿಡಿದುಕೊಂಡ ಮೇಲೆ ಚಿಕ್ಕಪ್ಪನ ಹೊಲಮನೆಗೆ ಬಂದು ನಲವತ್ತು ಕುರಿ ಕಟ್ಟಿದ್ದಳು. ಗಂಡನನ್ನು ಬಿಟ್ಟು ಬಹಳ ಕಾಲವಾಗಿತ್ತು. ಯಾಕೆಂದು ಕೇಳಿದರೆ, "ಪಕ್ಕದ ಸೀಟಲ್ಲಿ ಕೂತು ಬ್ರೇಕ್ ಒತ್ತೋನು ಕಣೆ ಅವನು" ಎಂದಳು. ನನಗೆ ಅವಳು ಅಂದಿನಿಂದ ಹಿಡಿಸಿದಳು.

ಅವತ್ತು ಅವಳು ಸೀದಾ ಎಲ್ದಾರನ ಎದುರಿಗೆ ಹೋಗಿ ನಿಂತಳು. "ಚಾವಣಿ ಎಲ್ದಾರ್ ಅಂದ್ರೆ ನೀನೇನಾ? ನನ್ನ ಮನೆ ಸೋರ್ತಿದೆ. ಹಾಸಿಗೆ ಮೇಲೆ ಬಕೆಟ್ ಇಟ್ಕೊಂಡು ಮಲಗ್ತಿದ್ದೀನಿ."

ಎಲ್ದಾರ್ ಸಾಸೇಜನ್ನು ಬಾಯಲ್ಲಿ ಕಚ್ಚಿಕೊಂಡೇ ನಕ್ಷೆ ಬಿಡಿಸಿದ. "ರಸ್ತೆ ತೊಂಬತ್ತೊಂಬತ್ತು. ಫೆರಿ ನಾಲ್ಕು. ನೂರಾಮೂರು. ಆಗಲ್ಲ."

ಸಾಲಿನಲ್ಲಿದ್ದವರಿಗೆ ಒಳ್ಳೆಯ ವಿಷಯ ಸಿಕ್ಕಿತು. ಮೀನಿನ ಲಾರಿಯವನು, "ಅಲ್ಲ ಮಾರಾಯ, ಫೆರಿ ಮೇಲೆ ನಿನ್ನ ಚಕ್ರ ತಿರುಗಲ್ವಲ್ಲ! ನಾಲ್ಕು ಕಳಿ. ತೊಂಬತ್ತೊಂಬತ್ತೇ ಆಯ್ತು" ಎಂದ.

"ಚಕ್ರ ತಿರುಗ್ಲಿ ಬಿಡ್ಲಿ, ನಾನು ಓಸ್ವಿಕದಿಂದ ದೂರ ಹೋಗ್ತಿರ್ತೀನಿ ತಾನೆ?" ಎಂದ ಎಲ್ದಾರ್.

ಇಂಥವನಿಗೆ ಏನು ಹೇಳುವುದು? ಗುಡ್ನಿ ಆ ನಕ್ಷೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವನನ್ನು ಇನ್ನೂ ಬಹಳ ಹೊತ್ತು ನೋಡಿದಳು. ಅವಳ ತುಟಿಯ ತುದಿ ಅಲುಗಿತು, ಬೈಯುತ್ತಾಳೆ ಎಂದುಕೊಂಡೆ.

"ಸರಿ. ಆ ನೂರನೇ ಕಿಲೋಮೀಟರು ಎಲ್ಲಿ ಬರುತ್ತೆ?"

"ಹಳೇ ಹಾಲಿನ ಕಟ್ಟೆ ಹತ್ರ." ಹಿಂದೆ ಹೊಲಮನೆಯವರು ಹಾಲಿನ ಕ್ಯಾನು ತಂದಿಡುತ್ತಿದ್ದ ಮರದ ಕಟ್ಟೆ ಅದು. ಈಗ ಅಲ್ಲಿ ಬಸ್ಸು ನಿಲ್ಲುತ್ತದೆ.

"ಟ್ರೇಲರ್ ಅಲ್ಲೇ ಬಿಡು. ಬರೀ ವ್ಯಾನಿಗೆ ಯಾವ ಕಾನೂನೂ ಇಲ್ವಲ್ಲ? ಅದ್ರಲ್ಲಿ ಸ್ವಲ್ಪ ಸ್ವಲ್ಪ ಹಾಕ್ಕೊಂಡು ಮೇಲೆ ಬಾ."

ಎಲ್ದಾರ್ ಸಾಸೇಜನ್ನು ಬಾಯಿಂದ ತೆಗೆದ. "ವ್ಯಾನ್ ತುಂಬ ಹತಾರ ಇದೆ. ಸಲಕ್ಕೆ ಹನ್ನೆರಡು ಹೆಂಟೆ ಹಿಡಿದ್ರೆ ಹೆಚ್ಚು."

"ಹನ್ನೆರಡು ಸಾಕು" ಎಂದಳು ಗುಡ್ನಿ.

ಬೇಸಿಗೆಯೆಲ್ಲ ಇದೇ ನಡೆಯಿತು. ಬೇರೆ ಕೆಲಸಗಳ ನಡುವೆ ವಾರಕ್ಕೆ ಒಂದು ದಿನ ಅವನು ಟ್ರೇಲರಿಗೆ ಹೆಂಟೆ ಹೇರಿಕೊಂಡು ಫೆರಿ ಹತ್ತುವುದು, ಹಾಲಿನ ಕಟ್ಟೆಯಲ್ಲಿ ಟ್ರೇಲರ್ ಬಿಚ್ಚುವುದು, ಹನ್ನೆರಡು ಹೆಂಟೆ ವ್ಯಾನಿಗೆ ಹೊರುವುದು, ಮೂರು ಕಿಲೋಮೀಟರು ಏರು ಹತ್ತುವುದು, ಇಳಿಸುವುದು. ಪ್ರತಿ ಸಲವೂ ಗುಡ್ನಿ ಕಾಫಿ ಕೊಡುತ್ತಿದ್ದಳು, ಜೊತೆಗೆ ಕಂದು ಚೀಸ್ ಹಾಕಿದ ವಾಫೆಲ್ ಎಂಬ ಸಿಹಿ ದೋಸೆ. ಒಂದು ಸಲವೂ ಅವನು ಬೇಡ ಎನ್ನುತ್ತಿರಲಿಲ್ಲ. ಇದರಿಂದಾಗಿ ದಿನಕ್ಕೆ ಎರಡು ಸಲ, ಬಹಳವಾದರೆ ಮೂರು ಸಲ ಮೇಲೆ ಹೋದರೆ ದಿನ ಮುಗಿಯುತ್ತಿತ್ತು. ಅವಳ ಚಾವಣಿ ಎಷ್ಟು ಬೆಳೆಯಿತೋ ಗೊತ್ತಿಲ್ಲ, ಅವನ ಹೊಟ್ಟೆ ಬೆಳೆದದ್ದನ್ನು ನಾನೇ ಕಂಡೆ.

ಇನ್ನೊಂದೂ ಬೆಳೆಯಿತು. ಜೂನ್ ಕೊನೆಯಲ್ಲಿ ಒಂದು ಬೆಳಗ್ಗೆ ಬಂದು, "ರಗ್ನಾ, ಒಂದು ಸಾಸೇಜು, ಒಂದು ಕಾಫಿ, ಗುಡ್ನಿಯ ಟಗರಿಗೆ ಕಾಲು ನೋವು" ಎಂದ. ನನ್ನ ಕೈಯಿಂದ ಇಕ್ಕುಳ ಬಿತ್ತು. ಜುಲೈಯಲ್ಲಿ, "ಟಗರು ವಾಸಿ ಆಯ್ತು. ಗುಡ್ನಿ ಮುಲಾಮು ಹಚ್ಚಿದಳು. ಬಲಗಾಲು" ಎಂದ. ಆಗಸ್ಟಿನಲ್ಲಿ ಗಡ್ಡ ಬೋಳಿಸಿಕೊಂಡು ಬಂದ. ಅದರ ಕೆಳಗೆ ಒಂದು ಗದ್ದ ಇದೆ ಎಂಬುದು ಫ್ಯೋರ್ಡಿನ ಎರಡೂ ದಡಕ್ಕೆ ಹೊಸ ಸುದ್ದಿ.

"ಎಲ್ದಾರ್, ಅವಳಿಗೆ ಹೇಳ್ಬಿಡೋ" ಎಂದೆ.

"ಏನಂತ?"

"ಬಲಗಾಲು ಅಂತ! ಏನಂತ ಕೇಳ್ತೀಯಲ್ಲೋ, ಮರದ ಬೊಡ್ಡೆ!"

ಅವನು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸಿದ. "ಚಾವಣಿ ಮುಗಿಯೋಕೆ ಬಂತು ರಗ್ನಾ. ಉತ್ತರದ ಕಡೆ ಒಂದು ಮೂಲೆ ಉಳಿದಿದೆ, ಅಷ್ಟೇ. ಆಮೇಲೆ ಏನಂತ ಹೇಳ್ಕೊಂಡು ಅಲ್ಲಿಗೆ ಹೋಗ್ಲಿ?"

"ಕಾಫಿಗೆ ಬಂದೆ ಅಂತ ಹೋಗು."

"ಕಾಫಿ ಮನೇಲೂ ಇದೆ" ಎಂದ ಆ ಪ್ರಾಮಾಣಿಕ. ಕೆಲಸವನ್ನು ಬೇಕೆಂದೇ ಎಳೆಯುವ ಬುದ್ಧಿಯೂ ಅವನಿಗಿಲ್ಲ. ಮತ್ತೊಂದು ಚಳಿಗಾಲ ಈ ಮನುಷ್ಯ ರೇಡಿಯೋ ಜೊತೆ ಕಳೆಯಬಾರದು ಎಂದು ನಾನು ಮನಸ್ಸಿನಲ್ಲೇ ಹಟ ಹಿಡಿದಿದ್ದೆ. ತಗಡಿನ ಸಿಟ್ಟನ್ನೂ ಬದಿಗಿಟ್ಟಿದ್ದೆ.

ಸೆಪ್ಟೆಂಬರ್ ಮೊದಲ ಮಂಗಳವಾರ ಬೆಳಗ್ಗೆ ರಸ್ತೆ ತಪಾಸಣೆಯವರು ನನ್ನ ಅಂಗಡಿಯ ಮುಂದೆಯೇ ಠಿಕಾಣಿ ಹೂಡಿದರು. ಎಲ್ದಾರ್ ಕೊನೆಯ ಟ್ರೇಲರ್ ತುಂಬಿಸಿಕೊಂಡು ಬಂದ. ಎಂಬತ್ತನಾಲ್ಕು ಹೆಂಟೆ. ಹಳದಿ ಅಂಗಿಯ ಅಧಿಕಾರಿಣಿ, ನನ್ನ ವಯಸ್ಸಿನ ಗಟ್ಟಿ ಹೆಂಗಸು, ಕೈ ತೋರಿಸಿ ನಿಲ್ಲಿಸಿದಳು. ಎಲ್ದಾರನ ಮುಖ ಹಿಟ್ಟಿನಂತೆ ಬಿಳಿಚಿತು.

"ಟ್ಯಾಕೋಗ್ರಾಫ್ ಇಲ್ಲ?"

"ಇಲ್ಲ. ಚಾವಣಿಯವನು. ನೂರರ ಒಳಗೇ ಹೋಗೋದು."

"ಎಲ್ಲಿಗೆ ಹೊರಟಿದ್ದೀಯ?"

"ಹಾಲಿನ ಕಟ್ಟೆಗೆ."

"ಹಾಲಿನ ಕಟ್ಟೆಗೆ ಹುಲ್ಲು ಹೊದಿಸ್ತೀಯಾ?"

ಅವನು ನಕ್ಷೆ ತೆಗೆದ. ರಸ್ತೆ, ಫೆರಿ, ಕೆಂಪು ಗುರುತು, ಬಿಚ್ಚಿಟ್ಟ ಟ್ರೇಲರು, ಸಲಕ್ಕೆ ಹನ್ನೆರಡು ಹೆಂಟೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ. ಅಧಿಕಾರಿಣಿ ಮೊದಲು ನಕ್ಷೆ ನೋಡಿದಳು, ಆಮೇಲೆ ಆಕಾಶ ನೋಡಿದಳು, ಆಮೇಲೆ ನನ್ನ ಕಿಟಕಿಗೆ ಬಂದು ಒಂದು ಕಾಫಿ ತೆಗೆದುಕೊಂಡಳು. ಅದನ್ನು ಕುಡಿದು ಮುಗಿಸಿಯೇ ಮಾತಾಡಿದ್ದು.

"ಇದು ರಸ್ತೆ ಅಳತೆ ಅಲ್ಲ ಕಣಯ್ಯ. ನೆಲೆಯಿಂದ ಸುತ್ತ ನೂರು ಕಿಲೋಮೀಟರು. ನೇರ ಗೆರೆ. ಹಕ್ಕಿ ಹಾರೋ ಹಾಗೆ."

"ನಾನೇನು ಹಕ್ಕಿಯಾ?" ಎಂದ ಎಲ್ದಾರ್.

ಅವಳು ಫೋನು ತೆಗೆದು ಓಸ್ವಿಕದ ಮೇಲೆ ಒಂದು ಬೆರಳು, ಬ್ರೆಕ್ಕಾದ ಮೇಲೆ ಒಂದು ಬೆರಳು ಇಟ್ಟಳು. ಗೆರೆ ಫ್ಯೋರ್ಡನ್ನೂ ಎರಡು ಬೆಟ್ಟವನ್ನೂ ದಾಟಿ ಸರ್ರನೆ ಹೋಯಿತು. "ನಲವತ್ತೊಂದು. ಹಳೇ ಕಾನೂನಿದ್ದಾಗಲೂ ನೀನು ಅಲ್ಲಿಗೆ ಹೋಗ್ಬಹುದಿತ್ತು."

ನಾನು ಕಿಟಕಿಯಿಂದ ಅರ್ಧ ಹೊರಗೆ ಬಂದೆ. "ನನ್ನ ತಂಗಿ ಮನೆ! ತ್ವೈತ! ಅದು ನೋಡು!"

"ಮೂವತ್ತಾರು."

ನಾನು ಏನೆಂದೆ ಎಂದು ಇಲ್ಲಿ ಬರೆಯುವುದಿಲ್ಲ. ಮೀನಿನ ಲಾರಿಯವನು ಕಿವಿ ಮುಚ್ಚಿಕೊಂಡ. ಅಧಿಕಾರಿಣಿ ಎಲ್ದಾರನ ಕಾಗದಗಳನ್ನು ಹಿಂದಿರುಗಿಸಿ, "ನಿನ್ನ ಮೇಲೆ ತಪ್ಪು ಏನೂ ಇಲ್ಲ. ಗಾಡಿ ಓಡಿಸೋದೇ ನಿನ್ನ ಮುಖ್ಯ ಕೆಲಸ ಆಗ್ಬಾರದು ಅಂತ ಒಂದು ಷರತ್ತಿದೆ. ಈ ಬೇಸಿಗೆ ಲೆಕ್ಕ ನೋಡಿದ್ರೆ ಅದೊಂದು ಸ್ವಲ್ಪ ಅನುಮಾನ" ಎಂದು ಬೆನ್ನು ತಿರುಗಿಸಿದಳು. ಅವಳ ಹೆಗಲು ಅಲುಗುತ್ತಿತ್ತು.

ಎಲ್ದಾರ್ ಸಾಸೇಜು ಕೇಳಲಿಲ್ಲ. ವ್ಯಾನಿನಲ್ಲಿ ಕೂತು ಸ್ಟಿಯರಿಂಗ್ ಹಿಡಿದುಕೊಂಡ. ಅವನ ಮುಖ ನೋಡಿ ನನಗೆ ಹೆದರಿಕೆಯಾಯಿತು. ಗೂಡಂಗಡಿಗೆ ಬೀಗ ಹಾಕಿ, ಪಕ್ಕದ ಬಾಗಿಲು ತೆಗೆದು ಒಳಗೆ ಕೂತೆ. ಹಗಲು ಹೊತ್ತು ಆ ಅಂಗಡಿ ಮುಚ್ಚಿದ್ದು ನನ್ನ ಮದುವೆಯ ದಿನ ಬಿಟ್ಟರೆ ಅದೇ ಮೊದಲು.

ಫೆರಿ ಇಳಿದು ಇಪ್ಪತ್ತು ಕಿಲೋಮೀಟರು ಆದ ಮೇಲೆ, "ನಿನ್ನ ತಂಗಿ ಚಾವಣಿ ಮುಂದಿನ ಬೇಸಿಗೆಗೆ" ಎಂದ. ಮತ್ತೆ ಹತ್ತು ಕಿಲೋಮೀಟರು ಆದ ಮೇಲೆ, "ಹುಚ್ಚನ ಹಾಗೆ ಹೊತ್ತೆ ರಗ್ನಾ. ಅವಳು ಕೂತು ನೋಡ್ತಿದ್ದಳು. ಏನಂದ್ಕೊಂಡಿರ್ತಾಳೆ? ಈ ಮೂಲೆ ಇವತ್ತೇ ಮುಗಿಸಿ ಹೊರಟುಬಿಡ್ತೀನಿ" ಎಂದ. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಹಾಲಿನ ಕಟ್ಟೆ ಬಂತು. ಅವನು ನಿಲ್ಲಿಸಲಿಲ್ಲ. ಟ್ರೇಲರು ಕಟಕಟ ಎನ್ನುತ್ತ ಬ್ರೆಕ್ಕಾದ ಏರು ಹತ್ತಿತು. ಆ ಸದ್ದು ಆ ಅಂಗಳದಲ್ಲಿ ಕೇಳಿದ್ದು ಅವತ್ತೇ ಮೊದಲು. ಗುಡ್ನಿ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು. ಟ್ರೇಲರನ್ನು ನೋಡಿದಳು. ಅವಳ ಮುಖದ ನಗು ಹಾಗೇ ಜಾರಿಹೋಯಿತು.

"ಯಾರು ಹೇಳಿದ್ರು ನಿಂಗೆ?" ಎಂದಳು.

ಎಲ್ದಾರ್ ವ್ಯಾನಿಂದ ಇಳಿಯುತ್ತಿದ್ದವನು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತ. ಅವನಿಗೆ ಅರ್ಥವಾಗುವುದು ತಡ; ನನಗೆ ಮೊದಲೇ ಆಗಿಹೋಗಿತ್ತು.

"ನಿಂಗೆ ಗೊತ್ತಿತ್ತಾ?"

"ಇಪ್ಪತ್ತೆರಡು ವರ್ಷ ಬಸ್ಸಲ್ಲಿ ಆ ಡಬ್ಬಿ ಜೊತೆ ಸಂಸಾರ ಮಾಡಿದ್ದೀನಿ ಎಲ್ದಾರ್. ಗಂಡನ ಜೊತೆ ಮಾಡಿದ್ದಕ್ಕಿಂತ ಹೆಚ್ಚು. ಆ ಕಾನೂನು ನಂಗೆ ಬಾಯಿಪಾಠ."

"ಮೇ ತಿಂಗಳಿಂದ?"

"ನಕ್ಷೆ ನೋಡಿದಾಗಿಂದ."

"ಮೂವತ್ತೊಂದು ಸಲ ಏರು ಹತ್ತಿದ್ದೀನಿ ನಾನು!"

"ಮೂವತ್ತೆರಡು" ಎಂದಳು ಗುಡ್ನಿ, ಮೆಲ್ಲಗೆ. "ಟ್ರೇಲರ್ ಇಲ್ಲೀವರೆಗೂ ತಂದಿದ್ರೆ ಹತ್ತು ದಿನದಲ್ಲಿ ಮುಗಿಸಿ, ಟೋಪಿ ಹಾಕ್ಕೊಂಡು ಹೋಗ್ಬಿಡ್ತಿದ್ದೆ ನೀನು. ಒಂದೇ ಒಂದು ಮಾತೂ ಆಡದೇನೇ."

ಎಲ್ದಾರ್ ಅವಳನ್ನು ನೋಡಿದ, ಟ್ರೇಲರನ್ನು ನೋಡಿದ. ವ್ಯಾನು ಹತ್ತಿ ಬಾಗಿಲು ಹಾಕಿಕೊಂಡ. ಆ ಇಕ್ಕಟ್ಟಿನ ಅಂಗಳದಲ್ಲಿ ತುಂಬಿದ ಟ್ರೇಲರನ್ನು ತಿರುಗಿಸಲು ಹಿಂದೆ ಮುಂದೆ, ಹಿಂದೆ ಮುಂದೆ ಏಳು ಸಲ ಒದ್ದಾಡಿದ. ಗುಡ್ನಿಯ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಹಳೆಯ ಬಸ್ಸಿನವಳಿಗೆ ಅದನ್ನು ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. "ಎಡಕ್ಕೆ ಹೊಡಿ! ಇನ್ನೂ ಎಡಕ್ಕೆ! ಬೇಲಿ, ಬೇಲಿ!" ಎಂದು ಕೂಗಿದಳು. ಅವನು ಎಡಕ್ಕೆ ಹೊಡೆದ. ವ್ಯಾನು ತಿರುಗಿ ಇಳಿಜಾರಿನಲ್ಲಿ ಮರೆಯಾಯಿತು. ಮೊದಲೇ ಇಳಿದಿದ್ದ ನಾನು ಅಂಗಳದಲ್ಲೇ ಉಳಿದೆ. ನನ್ನನ್ನು ತಂದದ್ದೇ ಅವನಿಗೆ ಮರೆತುಹೋಗಿತ್ತು.

ಅಡುಗೆಮನೆಯಲ್ಲಿ ಗುಡ್ನಿ ವಾಫೆಲ್ ಹಿಟ್ಟಿನ ಪಾತ್ರೆಯ ಮುಂದೆ ಕೂತಳು. ನಾನು ಸಮಾಧಾನ ಮಾಡಬೇಕಿತ್ತು, ಬೈದೆ.

"ಅಷ್ಟೊಂದು ಆಟ ಆಡಿಸ್ತಾರೇನೇ ಒಬ್ಬ ಬಡಪಾಯಿನ? ಅವನಿಗೆ ನಾಚಿಕೆ ಅಂದ್ರೆ ಪ್ರಾಣ ಹೋದ ಹಾಗೆ."

"ಗೊತ್ತು ಕಣೆ. ದಿನಾ ನಾಳೆ ಹೇಳೋಣ ಅಂದ್ಕೋತಿದ್ದೆ. ಬೆಳಗ್ಗೆ ಆದ್ರೆ ಅವನ ವ್ಯಾನ್ ಸದ್ದಿಗೆ ಕಾಯ್ತಾ ಇರ್ತಿದ್ದೆ. ಇನ್ನು ಬರಲ್ಲ ಅವನು."

ಕಾಫಿ ಆರಿತು. ಸುಮಾರು ಐವತ್ತು ನಿಮಿಷ ಕಳೆದಿರಬೇಕು, ಏರಿನಲ್ಲಿ ವ್ಯಾನಿನ ಸದ್ದು ಕೇಳಿತು. ಬರೀ ವ್ಯಾನು. ತಗಡಿನ ಕಟಕಟ ಇರಲಿಲ್ಲ.

ಗುಡ್ನಿ ಬಾಗಿಲಿಗೆ ಓಡಿದಳು. ಎಲ್ದಾರ್ ವ್ಯಾನಿನ ಹಿಂಬಾಗಿಲು ತೆರೆದು ಹೆಂಟೆ ಇಳಿಸುತ್ತಿದ್ದ. ನಾನು ಎಣಿಸಿದೆ, ಹನ್ನೆರಡು.

"ಟ್ರೇಲರ್ ಎಲ್ಲಿ?" ಎಂದಳು ಗುಡ್ನಿ.

"ಹಾಲಿನ ಕಟ್ಟೆ ಹತ್ರ."

"ಆದ್ರೆ ಎಲ್ದಾರ್, ಕಾನೂನು..."

"ಕಾನೂನು ಈಗ ನಂಗೂ ಗೊತ್ತು." ಅವನು ಕೊನೆಯ ಹೆಂಟೆಯನ್ನು ಕೆಳಗಿಟ್ಟು, ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ. ಕಿವಿ ಕೆಂಪಾಗಿತ್ತು. "ಇನ್ನೂ ಎಪ್ಪತ್ತೆರಡು ಉಳಿದಿವೆ. ಆರು ಸಲ ಬೇಕು. ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ತರೋಕಾಗಲ್ಲ ಅನ್ಸುತ್ತೆ."

"ಆಗಲ್ಲ" ಎಂದಳು ಗುಡ್ನಿ. "ಏರು ಜಾಸ್ತಿ."

ಅವರಿಬ್ಬರೂ ಒಳಗೆ ಹೋದರು. ನಾನು ಹೇಗೆ ಮನೆಗೆ ಹೋಗುತ್ತೇನೆ ಎಂದು ಒಬ್ಬರೂ ಕೇಳಲಿಲ್ಲ. ಬೈದುಕೊಳ್ಳುತ್ತಲೇ ಬಸ್ಸಿಗೆಂದು ಮೂರು ಕಿಲೋಮೀಟರು ನಡೆದೆ. ಹಾಲಿನ ಕಟ್ಟೆಯ ಪಕ್ಕದಲ್ಲಿ ಟ್ರೇಲರು ನಿಂತಿತ್ತು. ಚಕ್ರಗಳಿಗೆ ದೊಡ್ಡ ದೊಡ್ಡ ಕಲ್ಲು ಒಡ್ಡಿದ್ದ. ಹುಲ್ಲು ಒಣಗದ ಹಾಗೆ ಒದ್ದೆ ಗೋಣಿ ಹೊದಿಸಿದ್ದ. ಒಂದು ವಾರಕ್ಕೆ ಸಾಲುವಷ್ಟು ನೀರಿನ ಕ್ಯಾನುಗಳನ್ನು ಹಾಲಿನ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ.